ಎಕ್ಕದ ಹಾಲನ್ನು ಅರಗಿಸಿಕೊಂಡ ಚಿಟ್ಟೆ

ಕೇಳುಗರಿಗೆ ನಮಸ್ಕಾರ.

ಪಾಳುಭೂಮಿಯಲ್ಲಿ ಬೇಸಿಗೆಯ ಬಿಸಿಲಿಗೂ ಬಾಡದೆ ನಿಲ್ಲುವ ಎಕ್ಕದ ಗಿಡಕ್ಕೆ ದನಕರುಗಳು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಎಲೆ ಮುರಿದೊಡನೆ ಒಸರುವ ಬಿಳಿಯ ಹಾಲಿನಲ್ಲಿ ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲ ವಿಷವಿದೆ. ಇಂಥ ಗಿಡವನ್ನೇ ಹುಡುಕಿಕೊಂಡು ಬಂದು, ಎಲೆಗೊಂದರಂತೆ ಮೊಟ್ಟೆಯಿಡುವ ಚಿಟ್ಟೆಯೇ ಪ್ಲೇನ್ ಟೈಗರ್. ಕಿತ್ತಳೆ ಬಣ್ಣದ ರೆಕ್ಕೆ, ಅದಕ್ಕೆ ಕಪ್ಪು ಅಂಚು, ಮುಂರೆಕ್ಕೆಯ ತುದಿಯಲ್ಲಿ ಬಿಳಿಯ ಪಟ್ಟೆ: ಇದು ಅದರ ಗುರುತು. 1758ರಲ್ಲಿ ಲಿನೇಯಸ್ ಇದಕ್ಕೆ ವೈಜ್ಞಾನಿಕ ಹೆಸರಿಡುವುದಕ್ಕೆ ಮೂರು ಸಾವಿರ ವರ್ಷಗಳಷ್ಟು ಮೊದಲೇ, ಈಜಿಪ್ಟಿನ ನೆಬಾಮುನ್ ಎಂಬಾತನ ಸಮಾಧಿಯ ಗೋಡೆಯಲ್ಲಿ ಕಲಾವಿದನೊಬ್ಬ ಈ ಚಿಟ್ಟೆಯನ್ನು ಇಂದಿಗೂ ಗುರುತು ಹಿಡಿಯುವಷ್ಟು ನಿಖರವಾಗಿ ಚಿತ್ರಿಸಿದ್ದಾನೆ.

ಮೊಟ್ಟೆಯಿಂದ ಹೊರಬಂದ ಮರಿಹುಳುವಿಗೆ ವಿಷಕ್ಕಿಂತ ಮೊದಲು ಎದುರಾಗುವ ಅಪಾಯ ಹಾಲಿನ ಅಂಟು. ಅದು ಬಾಯಿಗೆ ಮೆತ್ತಿಕೊಂಡರೆ ಪುಟ್ಟ ಜೀವಕ್ಕೆ ಉಳಿಗಾಲವಿಲ್ಲ. ಆದ್ದರಿಂದ ಹುಳು, ಕಾಲುವೆಗೆ ನೀರು ಹರಿಯದಂತೆ ಮೇಲ್ಗಡೆಯೇ ಒಡ್ಡು ಹಾಕುವ ರೈತನ ಹಾಗೆ, ಎಲೆಯ ನರವನ್ನು ಕಡಿದು ಹಾಲಿನ ಹರಿವನ್ನು ತಗ್ಗಿಸಿ ಅನಂತರ ಮೇಯತೊಡಗುತ್ತದೆ. ಕಲಿಸುವವರಿಲ್ಲದೆ ಬಂದ ಈ ಜಾಣ್ಮೆ ನನಗೆ ಚಿಟ್ಟೆಯ ಬಣ್ಣಕ್ಕಿಂತಲೂ ಹೆಚ್ಚು ಬೆರಗು ಹುಟ್ಟಿಸುತ್ತದೆ. ಎಲೆಯೊಡನೆ ಒಳಸೇರಿದ ವಿಷ ಹುಳುವನ್ನು ಕೊಲ್ಲುವುದಿಲ್ಲ. ಅದರಲ್ಲೊಂದು ಪಾಲು ಮೈಯಲ್ಲೇ ಉಳಿದು, ಕೋಶಾವಸ್ಥೆಯನ್ನೂ ದಾಟಿ ಚಿಟ್ಟೆಗೆ ಬಳುವಳಿಯಾಗಿ ಬರುತ್ತದೆ. ಈ ವಿಷದ ಪ್ರಮಾಣ ಎಲ್ಲ ಚಿಟ್ಟೆಗಳಲ್ಲೂ ಒಂದೇ ಆಗಿರುವುದಿಲ್ಲ. ಆದರೂ ಒಮ್ಮೆ ಕಚ್ಚಿ ಕಹಿಯುಂಡ ಹಕ್ಕಿ ಆ ಬಣ್ಣವನ್ನು ನೆನಪಿಟ್ಟುಕೊಳ್ಳುವುದರಿಂದ, ಪ್ಲೇನ್ ಟೈಗರ್ ಅವಸರವಿಲ್ಲದೆ ನೆಲದ ಸಮೀಪದಲ್ಲಿಯೇ ಹಾರಾಡಬಲ್ಲದು. ಗೋಣಿಸೊಪ್ಪನ್ನು ತಿಂದು ಬೆಳೆಯುವ, ಇಂಥ ವಿಷವಿಲ್ಲದ ಡನೈಡ್ ಎಗ್‌ಫ್ಲೈ ಎಂಬ ಚಿಟ್ಟೆಯ ಹೆಣ್ಣು ಇದೇ ವೇಷ ತೊಟ್ಟು ಹಕ್ಕಿಗಳಿಂದ ಪಾರಾಗುತ್ತದೆ. ಅದರ ಗಂಡು ಮಾತ್ರ ಕಪ್ಪು ರೆಕ್ಕೆಯ ಮೇಲೆ ಬಿಳಿಯ ಮಚ್ಚೆಗಳಿರುವ ಬೇರೆಯೇ ರೂಪದ್ದು.

ಎಕ್ಕದ ಹೂವಿನ ಪರಾಗವು ಪುಡಿಯಾಗಿರದೆ ಗಂಟುಗಳಾಗಿರುತ್ತದೆ. ಅವನ್ನು ಹೂವಿನಿಂದ ಹೂವಿಗೆ ಒಯ್ಯುವ ಮುಖ್ಯ ಕೆಲಸ ಮರ ಕೊರೆಯುವ ದೊಡ್ಡ ದುಂಬಿಗಳದು. ಚಿಟ್ಟೆಗೆ ಮಕರಂದವನ್ನು ಬೇರೆ ಹೂಗಳೂ ಕೊಡುತ್ತವೆ. ಅಷ್ಟೇ ಅಲ್ಲ, ಗಂಡು ಚಿಟ್ಟೆಗಳು ಗಿಲಿಗಿಚ್ಚಿ ಜಾತಿಯ ಗಿಡಗಳ ಒಣಗಿದ ಭಾಗಗಳಿಂದ ಒಂದು ಬಗೆಯ ರಾಸಾಯನಿಕವನ್ನು ಹೀರಿ, ಹೆಣ್ಣನ್ನು ಒಲಿಸುವ ಗಂಧವನ್ನು ಅದರಿಂದ ತಯಾರಿಸಿಕೊಳ್ಳುತ್ತವೆ.

ಆದರೆ ಮರಿಹುಳುವಿಗೆ ಇಷ್ಟು ಆಯ್ಕೆಯಿಲ್ಲ. ಎಕ್ಕ ಮತ್ತು ಅದರ ಹತ್ತಿರದ ಸಂಬಂಧಿ ಗಿಡಗಳ ಎಲೆಯೇ ಅದಕ್ಕೆ ಆಹಾರ. ಹೂದೋಟ ಬೆಳೆಸಿ ಚಿಟ್ಟೆಗಳನ್ನು ಕರೆಯುವವರು ಕಳೆಯೆಂದು ಎಕ್ಕವನ್ನು ಕಿತ್ತುಹಾಕಿದರೆ, ಬಂದ ಚಿಟ್ಟೆ ಮಕರಂದ ಕುಡಿದು, ಮೊಟ್ಟೆಯಿಡಲು ಬೇರೆ ಕಡೆಗೆ ಹೋಗಬೇಕಾಗುತ್ತದೆ.