ಗಂಟೆಗೊಂದು ಪಂಚ್

ಕೇಳುಗರಿಗೆ ನಮಸ್ಕಾರ.

ಆರು ನಿಮಿಷದ ಒಂದು ಸಿನಿಮಾ. ಅದರಲ್ಲಿ ಇರೋದು ಒಬ್ಬನೇ ಮನುಷ್ಯ. ಬೂದು ಬಣ್ಣದ ಕಾರ್ಖಾನೆ ಯೂನಿಫಾರ್ಮ್ ಹಾಕಿಕೊಂಡು ನಿಂತಿದ್ದಾನೆ. ಪಕ್ಕದಲ್ಲಿ ಹಾಜರಿ ಕಾರ್ಡ್ ಪಂಚ್ ಮಾಡುವ, ಅಂದರೆ ಅದರ ಮೇಲೆ ಹೊತ್ತಿನ ಮುದ್ರೆ ಒತ್ತುವ ಗಡಿಯಾರ. ಶುರುವಿನಲ್ಲಿ ತಲೆ ನುಣ್ಣಗೆ ಬೋಳಿಸಿದೆ. ನೋಡನೋಡುತ್ತಿದ್ದಂತೆ ಕೂದಲು ಬೆಳೆಯುತ್ತದೆ, ಕಿವಿ ಮುಚ್ಚುತ್ತದೆ, ಭುಜ ಮುಟ್ಟುತ್ತದೆ. ಗಡಿಯಾರದ ಮುಳ್ಳುಗಳು ಹುಚ್ಚು ಹಿಡಿದ ಹಾಗೆ ತಿರುಗುತ್ತವೆ. ಮನುಷ್ಯ ಮಾತ್ರ ನಿಂತಲ್ಲೇ ಅದುರುತ್ತಿರುತ್ತಾನೆ. ಕಥೆ ಇಲ್ಲ, ಸಂಭಾಷಣೆ ಇಲ್ಲ.

2017ರಲ್ಲಿ ಇಟಲಿಯ ವೆನಿಸ್‌ನಲ್ಲಿ ನಡೆದ ಬಿನಾಲೆಗೆ, ಅಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಮೇಳಕ್ಕೆ, ತೈಪೆ ಫೈನ್ ಆರ್ಟ್ಸ್ ಮ್ಯೂಸಿಯಂ ಒಂದು ಪ್ರದರ್ಶನ ಕಟ್ಟಿತ್ತು. ಕಲಾವಿದರು ತೈವಾನ್‌ನಲ್ಲಿ ಹುಟ್ಟಿದ ತೆಚಿಂಗ್ ಶಿಯೆ. ಪ್ರದರ್ಶನದ ಜಾಗ ಹಳೆಯ ಜೈಲು. ಅಲ್ಲಿ ಈ ಸಿನಿಮಾ ಇತ್ತು. ಆದರೆ ಸಿನಿಮಾಕ್ಕಿಂತ ಹೆಚ್ಚು ನಿಲ್ಲಿಸುತ್ತಿದ್ದದ್ದು ಗೋಡೆಗಳು. ಗೋಡೆ ತುಂಬ ಸಾಲುಸಾಲಾಗಿ ಹಾಜರಿ ಕಾರ್ಡುಗಳು. ಒಟ್ಟು 366.

ಶಿಯೆ ಮಾಡಿದ್ದು ಇಷ್ಟೇ. 1980ರ ಏಪ್ರಿಲ್ 11ರಿಂದ ಮುಂದಿನ ವರ್ಷದ ಅದೇ ದಿನದವರೆಗೆ, ನ್ಯೂಯಾರ್ಕ್‌ನ ತಮ್ಮ ಸ್ಟುಡಿಯೋದಲ್ಲಿ ಪ್ರತಿ ಗಂಟೆಗೂ ಒಮ್ಮೆ ಕಾರ್ಡ್ ಪಂಚ್ ಮಾಡಿದರು. ಹಗಲು, ರಾತ್ರಿ, ಹಬ್ಬ, ಜ್ವರ, ಯಾವುದಕ್ಕೂ ರಜೆ ಇಲ್ಲ. ಪಂಚ್ ಮಾಡಿದಾಗೆಲ್ಲ 16 ಎಂಎಂ ಕ್ಯಾಮೆರಾದಲ್ಲಿ ತಮ್ಮದೇ ಒಂದು ಫ್ರೇಮ್ ತೆಗೆದುಕೊಂಡರು. ಸಿನಿಮಾ ಓಡೋದು ಸೆಕೆಂಡಿಗೆ 24 ಫ್ರೇಮ್. ದಿನಕ್ಕೆ 24 ಗಂಟೆ. ಅಂದರೆ ಅವರ ಬದುಕಿನ ಒಂದು ದಿನ ಪರದೆ ಮೇಲೆ ಒಂದೇ ಸೆಕೆಂಡು.

ಗಂಟೆಗೊಮ್ಮೆ ಅಂದರೆ ಏನು ಅಂತ ಸ್ವಲ್ಪ ಯೋಚಿಸಿ. ಒಂದು ಗಂಟೆಗಿಂತ ಜಾಸ್ತಿ ನಿದ್ದೆ ಇಲ್ಲ. ಊರಾಚೆ ಹೋಗೋ ಮಾತಂತೂ ಇಲ್ಲವೇ ಇಲ್ಲ. ಅಂಗಡಿಗೆ ಹೋದರೂ ಗಡಿಯಾರ ನೋಡಿಕೊಂಡು ಓಡಿ ಬರಬೇಕು. ಇಷ್ಟೆಲ್ಲ ಕಷ್ಟಪಟ್ಟು ತಯಾರಾದ ಸರಕೇನು? ಏನೂ ಇಲ್ಲ. ಅದೇ ಇಲ್ಲಿನ ಕಿಲಾಡಿತನ. ಕೆಲಸದಿಂದ ಕೆಲಸವನ್ನೇ ತೆಗೆದುಬಿಟ್ಟು ಹಾಜರಿಯನ್ನಷ್ಟೇ ಉಳಿಸಿಕೊಂಡಿದ್ದಾರೆ.

ವರ್ಷಕ್ಕೆ 8,760 ಗಂಟೆ. ಅದರಲ್ಲಿ 133 ಪಂಚ್ ತಪ್ಪಿವೆ. ನನಗೆ ಇಡೀ ಪ್ರದರ್ಶನದಲ್ಲಿ ತುಂಬ ಇಷ್ಟವಾಗೋದು ಈ 133. ಯಾಕೆ ಗೊತ್ತಾ? ಅದಕ್ಕೂ ಅವರು ಲೆಕ್ಕ ಕೊಟ್ಟಿದ್ದಾರೆ. ನಿದ್ದೆ ಹತ್ತಿ ತಪ್ಪಿದ್ದು 94. ತಡವಾಗಿ ಮಾಡಿದ್ದು 29. ಹೊತ್ತಿಗೆ ಮುಂಚೆಯೇ ಮಾಡಿಬಿಟ್ಟಿದ್ದು 10. ಕಾರ್ಡುಗಳಿಗೆ ಬೇರೊಬ್ಬರು ಸಾಕ್ಷಿಯಾಗಿ ಸಹಿ ಹಾಕಿದ್ದರು, ಮೋಸ ನಡೆಯಬಾರದು ಅಂತ. ಸೂಪರ್‌ವೈಸರ್ ಕಣ್ಣು ತಪ್ಪಿಸಿ ಪಂಚ್ ಮಾಡೋದು, ಗೆಳೆಯನ ಕಾರ್ಡನ್ನೂ ತಾನೇ ಒತ್ತಿಬಿಡೋದು, ಇವೆಲ್ಲ ಕಾರ್ಖಾನೆಯಲ್ಲಿ ದುಡಿದವರಿಗೆ ಹೊಸದೇನಲ್ಲ. ಇಲ್ಲಿ ಮಾಲೀಕನೂ ಅವರೇ, ಕಾರ್ಮಿಕನೂ ಅವರೇ. ಆದರೂ ತಪ್ಪಿದ್ದನ್ನು ಮುಚ್ಚಿಡಲಿಲ್ಲ.

ಇದನ್ನು ಯಾರು ಬೇಕಾದರೂ ಮಾಡಬಹುದಲ್ವಾ ಅನ್ನೋರು ಇದ್ದೇ ಇರುತ್ತಾರೆ. ಮಾಡಬಹುದು. ಯಾರೂ ಮಾಡಿರಲಿಲ್ಲ, ಅಷ್ಟೇ.

ಶಿಯೆ 1974ರಲ್ಲಿ ಹಡಗಿನ ಕೆಲಸಗಾರರಾಗಿ ಅಮೆರಿಕಕ್ಕೆ ಬಂದು, ಹಡಗಿನಿಂದ ತಪ್ಪಿಸಿಕೊಂಡು ಅಲ್ಲೇ ಉಳಿದವರು. ಕೈಯಲ್ಲಿ ಕಾಗದಪತ್ರ ಇಲ್ಲ. ಹೋಟೆಲುಗಳಲ್ಲಿ ಪಾತ್ರೆ ತೊಳೆದರು, ನೆಲ ಒರೆಸಿದರು. 1988ರಲ್ಲಿ ಕ್ಷಮಾದಾನ ಸಿಗೋವರೆಗೂ ಸರ್ಕಾರದ ಲೆಕ್ಕದಲ್ಲಿ ಅವರು ಅಲ್ಲಿ ಇರಲೇಬಾರದಿತ್ತು. ಅಂಥ ಮನುಷ್ಯ ಗಂಟೆಗೊಮ್ಮೆ ನಾನಿಲ್ಲಿದ್ದೇನೆ ಅಂತ ಮುದ್ರೆ ಒತ್ತಿದ್ದನ್ನು ಸುಮ್ನೆ ಹುಚ್ಚಾಟ ಅಂತ ತಳ್ಳಿಹಾಕಲು ನನಗೆ ಮನಸ್ಸು ಬರೋದಿಲ್ಲ.

ಇದಕ್ಕೂ ಮುಂಚೆ, 1978ರಿಂದ 79ರವರೆಗೆ, ಒಂದು ವರ್ಷ ಮರದ ಪಂಜರದಲ್ಲಿ ಇದ್ದರು. ಉದ್ದ ಹನ್ನೊಂದೂವರೆ ಅಡಿ, ಅಗಲ ಒಂಬತ್ತು ಅಡಿ. ಮಾತಿಲ್ಲ, ಓದಿಲ್ಲ, ಬರೆಯೋದಿಲ್ಲ. ಟಿವಿ ಇಲ್ಲ, ರೇಡಿಯೋ ಕೂಡ ಇಲ್ಲ. (ರೇಡಿಯೋ ಬಿಟ್ಟಿದ್ದು ನಮ್ಮಂಥವರಿಗೆ ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿಸಬಹುದು!) ಗೆಳೆಯರೊಬ್ಬರು ದಿನಾ ಊಟ ತಂದಿಟ್ಟು, ಕೊಳೆ ಹೊತ್ತುಕೊಂಡು ಹೋಗುತ್ತಿದ್ದರು. ಆ ಪಂಜರವನ್ನು 2009ರಲ್ಲಿ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಪ್ರದರ್ಶನಕ್ಕಿಟ್ಟಿತು. ಅಲ್ಲಿಗೆ ಬಂದವರು ನೋಡಿದ್ದು ಖಾಲಿ ಪಂಜರ, ಮಂಚ, ಬಕೆಟ್ಟು, ದಿನಕ್ಕೊಂದರಂತೆ ತೆಗೆದ ಫೋಟೋಗಳು. ಒಳಗಿದ್ದ ಒಂದು ವರ್ಷವನ್ನು ಯಾವ ಮ್ಯೂಸಿಯಂ ತಾನೇ ತಂದಿಡಲು ಸಾಧ್ಯ? ಇಂಥ ಕಲೆಯಲ್ಲಿ ನಮ್ಮ ಕೈಗೆ ಸಿಗೋದು ರಸೀದಿ ಮಾತ್ರ. ಖರ್ಚಾದದ್ದು ವಾಪಸ್ ಬರೋದಿಲ್ಲ.

ವೆನಿಸ್‌ನಲ್ಲಿ ಇನ್ನೊಂದು ಕೃತಿಯೂ ಇತ್ತು. 1981ರ ಸೆಪ್ಟೆಂಬರ್ 26ರಿಂದ ಒಂದು ವರ್ಷ ಅವರು ಯಾವ ಸೂರಿನ ಕೆಳಗೂ ಹೋಗಲಿಲ್ಲ. ಮನೆ, ಕಾರು, ರೈಲು, ಗುಹೆ, ಟೆಂಟು, ಯಾವುದೂ ಬೇಡ. ನ್ಯೂಯಾರ್ಕ್‌ನ ಹಿಮದಲ್ಲೂ ಒಂದು ಸ್ಲೀಪಿಂಗ್ ಬ್ಯಾಗ್ ಅಷ್ಟೇ. ಎಲ್ಲಿ ಉಂಡೆ, ಎಲ್ಲಿ ಮಲಗಿದೆ ಅಂತ ದಿನಾ ನಕ್ಷೆಯ ಮೇಲೆ ಗುರುತು ಹಾಕಿದರು. ಒಮ್ಮೆ ಪೊಲೀಸರು ಹಿಡಿದು ಠಾಣೆಯೊಳಗೆ ಎಳೆದುಕೊಂಡು ಹೋದರು. ಅದರ ಚಿತ್ರೀಕರಣ ಉಳಿದಿದೆ. ಒಳಗೆ ಹೋಗಲಾರೆ ಅಂತ ಅವರು ಕಿರುಚಾಡುತ್ತಾರೆ. ಬೇರೆಯವರು ಜೈಲಿಗೆ ಹೆದರಿದರೆ ಇವರು ಹೆದರಿದ್ದು ಚಾವಣಿಗೆ. ಸುಮಾರು 15 ಗಂಟೆ ಒಳಗಿರಬೇಕಾಯಿತು. ಈ ಕೃತಿಯಲ್ಲಿ ನಿಯಮ ಮುರಿದದ್ದು ಆ ಒಂದೇ ಸಲ, ಅದೂ ಅವರ ಕೈಯಿಂದಲ್ಲ. ಹಳೆಯ ಸೆರೆಮನೆಯ ಗೋಡೆಗಳ ನಡುವೆ ನಿಂತು ಇದನ್ನು ನೋಡೋ ಹಾಗೆ ಮಾಡಿದ್ದಾರಲ್ಲ, ಆ ಜಾಗದ ಆಯ್ಕೆಗೆ ಭೇಷ್ ಅನ್ನಲೇಬೇಕು.

ಆಮೇಲೆ ಲಿಂಡಾ ಮೊಂಟಾನೋ ಎಂಬ ಕಲಾವಿದೆಯ ಜೊತೆ ಎಂಟು ಅಡಿ ಹಗ್ಗ ಕಟ್ಟಿಕೊಂಡು, ಒಬ್ಬರನ್ನೊಬ್ಬರು ಮುಟ್ಟದೆ ಒಂದು ವರ್ಷ. ಅದರ ನಂತರ ಕಲೆಯ ಸಹವಾಸವೇ ಬೇಡ ಅಂತ ಒಂದು ವರ್ಷ.

ಕೊನೆಯದು ಹದಿಮೂರು ವರ್ಷದ್ದು. 1986ರ ಡಿಸೆಂಬರ್ 31ರಿಂದ 1999ರ ಡಿಸೆಂಬರ್ 31ರವರೆಗೆ ಕಲಾಕೃತಿ ಮಾಡುತ್ತೇನೆ, ಆದರೆ ಯಾರಿಗೂ ತೋರಿಸೋದಿಲ್ಲ ಅಂತ ಘೋಷಿಸಿದರು. ಹಾಗೇ ನಡೆದುಕೊಂಡರು. 2000ದ ಮೊದಲ ದಿನ ಜನರ ಮುಂದೆ ಒಂದು ಹಾಳೆ ಇಟ್ಟರು. ಅದರಲ್ಲಿ ಇದ್ದದ್ದು ಇಷ್ಟು: ನಾನು ಜೀವ ಉಳಿಸಿಕೊಂಡೆ, 1999ರ ಡಿಸೆಂಬರ್ 31 ದಾಟಿದೆ. ಈ ಕೃತಿಯನ್ನು ತೋರಿಸಬೇಕಾದ ಮ್ಯೂಸಿಯಂನವರಿಗೆ ಗೋಡೆಗೆ ಹಾಕಲು ಸಿಗೋದು ಮೊದಲ ದಿನದ ಘೋಷಣೆ ಮತ್ತು ಈ ಹಾಳೆ. ನಡುವಿನ ಹದಿಮೂರು ವರ್ಷದ್ದು ಅಂತ ಗೋಡೆಗೆ ಹಾಕಲು ಬೇರೇನೂ ಇಲ್ಲ.

ನಮಸ್ಕಾರ.