ಕಾರನ್ನು ಹೆದ್ದಾರಿಯ ಬದಿಯಲ್ಲೇ ಬಿಟ್ಟು ಕಂಡ ಫ್ಲಾರೆನ್ಸ್

ಹೆದ್ದಾರಿಯ ಬದಿಯ ಈ ಪಾರ್ಕಿಂಗ್ ತಾಣದ ಚಿತ್ರವನ್ನು ಯಾರೂ ಊರಿಗೆ ಕಳುಹಿಸಲಾರರು. ಆದರೂ ಫ್ಲಾರೆನ್ಸ್‌ನಲ್ಲಿ ಕಳೆದ ಮೂರು ದಿನಗಳ ಕಥೆಯನ್ನು ನಾನು ಇಲ್ಲಿಂದಲೇ ಆರಂಭಿಸಬೇಕು. ಇದರ ಹೆಸರು ವಿಲ್ಲಾ ಕೊಸ್ಟಾಂಜಾ. ಮಿಲಾನ್‌ನಿಂದ ನೇಪಲ್ಸ್‌ವರೆಗೆ ಸಾಗುವ ಎ1 ಹೆದ್ದಾರಿಯಲ್ಲಿ ಬರುವವರು ಟೋಲ್ ದಾಟಿ ಹೊರಬೀಳುವ ಅಗತ್ಯವೇ ಇಲ್ಲದೆ ನೇರವಾಗಿ ಇದರೊಳಗೆ ಕಾರನ್ನು ತಿರುಗಿಸಬಹುದು. ಕಾರು ನಿಲ್ಲಿಸಿ ನಾಲ್ಕು ಹೆಜ್ಜೆ ನಡೆದರೆ ಟಿ1 ಟ್ರಾಮ್ ಹೊರಡುವ ನಿಲ್ದಾಣವಿದೆ. ಅದನ್ನು ಹತ್ತಿದರೆ ಇಪ್ಪತ್ತೈದು ನಿಮಿಷದೊಳಗೆ ನಗರದ ಮುಖ್ಯ ರೈಲು ನಿಲ್ದಾಣದ ಬಳಿ ಇಳಿಯಬಹುದು.

ಈ ಬುದ್ಧಿ ನನಗೆ ಪುಕ್ಕಟೆಯಾಗಿ ಬಂದದ್ದಲ್ಲ. ಮೂರು ವರ್ಷಗಳ ಹಿಂದೆ ಬಾಡಿಗೆ ಕಾರಿನಲ್ಲಿ ಒಬ್ಬನೇ ಬಂದಿದ್ದಾಗ, ಫೋನಿನ ನಕ್ಷೆ ತೋರಿಸಿದ ಓಣಿಗಳಲ್ಲೆಲ್ಲ ನುಗ್ಗಿ, ಹೋಟೆಲಿನ ಬಾಗಿಲಿಗೇ ಕಾರು ತಂದು ನಿಲ್ಲಿಸಿದೆನೆಂದು ಬೀಗಿದ್ದೆ. ಏಳು ತಿಂಗಳ ನಂತರ ಮ್ಯೂನಿಕ್‌ನ ನಮ್ಮ ಮನೆಗೆ ಎರಡು ದಂಡದ ಪತ್ರಗಳು ಬಂದವು. ನನ್ನ ವಿಳಾಸವನ್ನು ಒದಗಿಸಿದ್ದಕ್ಕಾಗಿ ಬಾಡಿಗೆ ಕಂಪನಿ ತನ್ನ ಪಾಲಿನ ಶುಲ್ಕವನ್ನು ಅದಕ್ಕೂ ಮೊದಲೇ ಕಾರ್ಡಿನಿಂದ ಕಡಿದುಕೊಂಡಿತ್ತು. ತಪ್ಪು ನನ್ನದೇ ಆಗಿತ್ತು.

ಇಟಲಿಯ ಹಳೆಯ ನಗರಗಳ ನಡುಭಾಗಕ್ಕೆ ಅನುಮತಿ ಇಲ್ಲದ ವಾಹನಗಳು ನಿಗದಿತ ಸಮಯದಲ್ಲಿ ಪ್ರವೇಶಿಸುವಂತಿಲ್ಲ. ಇಂತಹ ನಿರ್ಬಂಧಿತ ವಲಯವನ್ನು ಅಲ್ಲಿನವರು ಝಡ್‌ಟಿಎಲ್ ಎನ್ನುತ್ತಾರೆ. ತಡೆಯಲು ಅಲ್ಲಿ ಗೇಟೂ ಇರುವುದಿಲ್ಲ, ಪೊಲೀಸರೂ ಇರುವುದಿಲ್ಲ. ಕಂಬದ ಮೇಲಿನ ಕ್ಯಾಮೆರಾ ನಂಬರ್ ಪ್ಲೇಟನ್ನು ಓದಿಕೊಂಡು ಸುಮ್ಮನಾಗುತ್ತದೆ. ಫಲಕದಲ್ಲಿ ‘ವಾರ್ಕೊ ಅಟ್ಟಿವೊ’ ಎಂದಿದ್ದರೆ ನಿರ್ಬಂಧ ಜಾರಿಯಲ್ಲಿದೆ ಎಂದು ಅರ್ಥ. ಇಟಾಲಿಯನ್ ತಿಳಿಯದವರಿಗೆ ಆ ‘ಅಟ್ಟಿವೊ’ ಎಂಬ ಮಾತು ದಾರಿ ತೆರೆದಿದೆ ಎಂದು ಕರೆಯುವಂತೆ ಕೇಳಿಸುವುದೇ ದೊಡ್ಡ ಅಪಾಯ; ನಾನು ಮೋಸಹೋದದ್ದೂ ಅಲ್ಲಿಯೇ. ಎರಡು ಕ್ಯಾಮೆರಾಗಳ ಕೆಳಗೆ ಹಾದುಹೋದ ನನಗೆ ಎರಡು ದಂಡಗಳು ಬಿದ್ದಿದ್ದವು. ವಲಯದೊಳಗಿನ ಹೋಟೆಲುಗಳು ಸಾಮಾನು ಇಳಿಸಲು ಬರುವ ಅತಿಥಿಗಳ ನಂಬರನ್ನು ನೋಂದಾಯಿಸಿಕೊಡುವುದುಂಟು, ಆದರೆ ಅದನ್ನು ನಾವಾಗಿಯೇ ಕೇಳಿ ಖಚಿತಪಡಿಸಿಕೊಳ್ಳಬೇಕು. ಇನ್ನು ರಸ್ತೆ ಬದಿಯ ನೀಲಿ ಗೆರೆಯೆಂದರೆ ಹಣ ಕಟ್ಟಿ ನಿಲ್ಲಿಸುವ ಜಾಗ. ಬಿಳಿ ಗೆರೆ ಇಟಲಿಯ ಬೇರೆ ಊರುಗಳಲ್ಲಿ ಉಚಿತವೆಂಬ ಸೂಚನೆಯಾದರೂ ಫ್ಲಾರೆನ್ಸ್‌ನ ಅನೇಕ ಬಡಾವಣೆಗಳಲ್ಲಿ ಅದು ನಿವಾಸಿಗಳಿಗೆ ಮೀಸಲು.

ಈ ಸಲ ಜೊತೆಯಲ್ಲಿ ನಿಪ್ಪಾಣಿಯಿಂದ ಬಂದಿದ್ದ ಅಪ್ಪ ಮತ್ತು ಅವ್ವ ಇದ್ದರು. ಟ್ರಾಮ್ ಇಳಿದು ಹತ್ತು ನಿಮಿಷ ನಡೆದ ಮೇಲೆ, ಓಣಿಯ ತಿರುವಿನಲ್ಲಿ ವಾಸ್ತುಶಿಲ್ಪಿ ಬ್ರುನೆಲೆಸ್ಕಿ ಕಟ್ಟಿಸಿದ, ನಗರದ ಮಹಾಚರ್ಚಿನ ಕೆಂಪು ಗುಮ್ಮಟ ಇದ್ದಕ್ಕಿದ್ದಂತೆ ಆಕಾಶವನ್ನೆಲ್ಲ ತುಂಬಿಕೊಂಡು ನಿಂತದ್ದನ್ನು ಕಂಡು ಇಬ್ಬರೂ ಮಾತು ನಿಲ್ಲಿಸಿದರು. 1420ರಲ್ಲಿ ಆರಂಭವಾಗಿ 1436ರಲ್ಲಿ ಮುಗಿದ ಈ ಗುಮ್ಮಟವನ್ನು ನೆಲದಿಂದ ಮರದ ಆಧಾರ ಕೊಡದೆಯೇ, ಇಟ್ಟಿಗೆಗಳನ್ನು ಮೀನಿನ ಮುಳ್ಳಿನಂತೆ ಓರೆಯಾಗಿ ಹೆಣೆಯುತ್ತಾ ಏರಿಸಿದರು. ಗುಮ್ಮಟ ಒಂದಲ್ಲ, ಒಂದರೊಳಗೆ ಒಂದರಂತೆ ಎರಡು; ಮೇಲೇರುವ ದಾರಿ ಅವೆರಡರ ನಡುವಿನ ಸಂದಿಯಲ್ಲಿದೆ. ಮೆಟ್ಟಿಲುಗಳು 463, ಲಿಫ್ಟ್ ಇಲ್ಲ, ಸಮಯವನ್ನು ಮುಂಚಿತವಾಗಿ ಕಾಯ್ದಿರಿಸಲೇಬೇಕು. ಸಂಖ್ಯೆ ಕೇಳಿದೊಡನೆ ಅಪ್ಪನ ಮೊಣಕಾಲು ನಿರ್ಧಾರ ತಿಳಿಸಿತು. ಆದ್ದರಿಂದ ಆ ಬೆಳಗಿನ ಹೊತ್ತನ್ನು ಅಕಾಡೆಮಿಯಾ ಗ್ಯಾಲರಿಯಲ್ಲಿ, ಹದಿನೇಳು ಅಡಿ ಎತ್ತರದ ಡೇವಿಡ್ ವಿಗ್ರಹದ ಮುಂದೆ ಕಳೆದೆವು. ಅದು ಮೊದಲು ನಿಂತಿದ್ದ ಚೌಕದಲ್ಲಿ ಈಗ ಬಿಸಿಲಿಗೆ ನಿಂತಿರುವುದು ಪ್ರತಿರೂಪ. ಮೈಕೆಲ್ಯಾಂಜೆಲೊ ಕೆತ್ತಿದ ಮೂಲ ವಿಗ್ರಹವನ್ನು 1873ರಲ್ಲಿಯೇ ಈ ಕಟ್ಟಡಕ್ಕೆ ತರಲಾಯಿತು.

ಸಂಜೆ ನೋಡಿದ ಪೊಂಟೆ ವೆಕ್ಕಿಯೊ ಸೇತುವೆಯ ಮೇಲೆ ಈಗ ಇರುವುದೆಲ್ಲ ಚಿನ್ನದ ಅಂಗಡಿಗಳು. ಮೊದಲು ಅಲ್ಲಿ ಕಸಾಯಿ ಅಂಗಡಿಗಳಿದ್ದವು. 1593ರಲ್ಲಿ ದೊರೆಯ ಅಪ್ಪಣೆಯಿಂದ ಅವನ್ನು ಎಬ್ಬಿಸಿ ಅಕ್ಕಸಾಲಿಗರನ್ನು ಕೂರಿಸಲಾಯಿತು. ಅವ್ವ ಬೆಲೆ ಕೇಳಿ, ಬೆಳಗಾವಿಯೇ ವಾಸಿ ಎಂದು ತೀರ್ಪಿತ್ತು ಮುಂದೆ ನಡೆದರು.

ಮೂರನೆಯ ದಿನ ಸೋಮವಾರ. ಉಫೀತ್ಸಿ ಕಲಾಸಂಗ್ರಹಾಲಯ, ಅಕಾಡೆಮಿಯಾ ಎರಡೂ ಅಂದು ಮುಚ್ಚಿರುತ್ತವೆ. ಆ ದಿನವನ್ನು ನಾನು ಬೇಕೆಂದೇ ಕಶೀನೆ ಉದ್ಯಾನಕ್ಕಾಗಿ ಉಳಿಸಿಕೊಂಡಿದ್ದೆ. ಅದೇ ಟಿ1 ಟ್ರಾಮ್‌ನಲ್ಲಿ ಕಶೀನೆ ನಿಲ್ದಾಣಕ್ಕೆ ಹೋಗಿ, ಅರ್ನೊ ನದಿಯ ಪಕ್ಕದ ಮರಗಳ ನೆರಳಿನಲ್ಲಿ ಪಶ್ಚಿಮಕ್ಕೆ ಉದ್ಯಾನದ ತುದಿಯವರೆಗೂ ನಡೆದೆವು. ದೂರ ಮೂರು ಕಿಲೋಮೀಟರಿನಷ್ಟು. ಮೆಟ್ಟಿಲು ಒಲ್ಲದ ಮೊಣಕಾಲು ಸಮತಟ್ಟಾದ ದಾರಿಗೆ ತಕರಾರು ಮಾಡಲಿಲ್ಲ.

ಅಲ್ಲಿ, ಮುನ್ಯೋನೆ ತೊರೆಯು ಅರ್ನೊ ನದಿಯನ್ನು ಕೂಡುವ ಜಾಗದಲ್ಲಿ, ನಮ್ಮ ಕಡೆಯ ಛತ್ರಿಯಂತಹ ಮಂಟಪವೊಂದು ಕಾಣುತ್ತದೆ. ಅದರೊಳಗಿನ ಎದೆಮಟ್ಟದ ವಿಗ್ರಹದಲ್ಲಿರುವ ಪೇಟ ತೊಟ್ಟ ತರುಣ ಕೊಲ್ಲಾಪುರದ ಮಹಾರಾಜ ರಾಜಾರಾಮ. ಇಂಗ್ಲೆಂಡಿನ ಪ್ರವಾಸ ಮುಗಿಸಿ ಊರಿಗೆ ಮರಳುವ ದಾರಿಯಲ್ಲಿ, 1870ರ ನವೆಂಬರ್ 30ರಂದು, ಇಪ್ಪತ್ತರ ಹರೆಯದಲ್ಲಿ ಅವನು ಇದೇ ನಗರದಲ್ಲಿ ತೀರಿಕೊಂಡ. ಹೆಣ ಸುಡುವ ರೂಢಿಯಿಲ್ಲದ ಊರಿನಲ್ಲಿ ವಿಶೇಷ ಅನುಮತಿ ಪಡೆದು, ಎರಡು ನೀರುಗಳು ಕೂಡುವ ಈ ಸಂಗಮವನ್ನು ಆರಿಸಿ ಚಿತೆ ಒಟ್ಟಿದರು. ನಾಲ್ಕು ವರ್ಷಗಳ ನಂತರ ಈ ಸ್ಮಾರಕ ಎದ್ದಿತು. ನಾಲ್ಕು ಭಾಷೆಗಳಲ್ಲಿ ಬರಹವನ್ನೂ ಕೆತ್ತಿದರು. ಪಕ್ಕದ ದೊಡ್ಡ ರಸ್ತೆ ಸೇತುವೆಗೂ ‘ಇಂಡಿಯಾನೊ’ ಎಂದೇ ಹೆಸರು.

ನಿಪ್ಪಾಣಿಯಿಂದ ಕೊಲ್ಲಾಪುರಕ್ಕೆ ಗಂಟೆಯ ದಾರಿ. ಪ್ರತಿ ವರ್ಷ ಮಹಾಲಕ್ಷ್ಮಿಯ ದರ್ಶನಕ್ಕೆ ಹೋಗುವ ಅಪ್ಪ ಈ ಕಥೆಯನ್ನು ಕೇಳಿರಲೇ ಇಲ್ಲ. ಚಪ್ಪಲಿ ಕಳಚಿ, ಕಟ್ಟೆಯ ಮುಂದೆ ಬಹಳ ಹೊತ್ತು ನಿಂತು, “ಇಷ್ಟು ದೂರ ಬಂದು ನಮ್ಮ ಊರ ಹುಡುಗ ಒಬ್ಬನ ಮಲಗ್ಯಾನ ನೋಡು” ಎಂದರು. ಆಮೇಲೆ ಕಶೀನೆ ನಿಲ್ದಾಣದಿಂದ ವಿಲ್ಲಾ ಕೊಸ್ಟಾಂಜಾವರೆಗೂ ಅವರು ಊರಿನ ಚಿಕ್ಕಪ್ಪನಿಗೆ ಫೋನಿನಲ್ಲಿ ಅದನ್ನೇ ವಿವರಿಸುತ್ತಿದ್ದರು. ನಾನು ಯಂತ್ರದಲ್ಲಿ ಮೂರು ದಿನದ ಬಾಡಿಗೆ ಕಟ್ಟಿ, ಕಾರನ್ನು ಮತ್ತೆ ಹೆದ್ದಾರಿಗೆ ಇಳಿಸಿದಾಗಲೂ ಆ ಮಾತು ಮುಗಿದಿರಲಿಲ್ಲ.