ಖಾಲಿ ಸಮಾಧಿಯಿಂದ ಶುರು ಮಾಡಬೇಡ್ರಿ

ಎಲ್ಲರಿಗೂ ನಮಸ್ಕಾರ. ಈಸ್ಟರ್ ಹತ್ತಿರ ಬಂತಂದ್ರೆ ಬೀದರ್, ಹುಮನಾಬಾದ್, ಕಲಬುರಗಿ ಕಡೆಯ ಕ್ರೈಸ್ತ ಸಭೆಗಳ ವಾಟ್ಸಾಪ್ ಗುಂಪುಗಳಲ್ಲಿ ‘ಯೇಸು ಸ್ವಾಮಿ ಎದ್ದು ಬಂದದ್ದನ್ನು ವಿಜ್ಞಾನವೇ ಒಪ್ಪಿತು’ ಅನ್ನೋ ವಿಡಿಯೊಗಳು ಸುರೀತಾವೆ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ. ಪುನರುತ್ಥಾನಕ್ಕೆ, ಅಂದ್ರೆ ಯೇಸು ಸತ್ತು ಮತ್ತೆ ಎದ್ದು ಬಂದದ್ದಕ್ಕೆ, ತೂಗಿ ನೋಡುವಂಥ ಐತಿಹಾಸಿಕ ಸಾಕ್ಷ್ಯ ಖಂಡಿತ ಇದೆ. ಅದರಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು, ಮೊದಲು ಕ್ರೈಸ್ತರನ್ನು ಹಿಂಸಿಸಿ ಆಮೇಲೆ ಅಪೊಸ್ತಲನಾದ ಪೌಲ ಬರೆದ ಒಂದು ಪತ್ರದಲ್ಲಿದೆ. ಆ ಪತ್ರ ಬಿಟ್ಟು ಬೇರೆ ಏನೇನೋ ಹಿಡ್ಕೊಂಡು ವಾದ ಮಾಡೋದರಿಂದ ನಮ್ಮ ಹುಡುಗರು ಕಾಲೇಜಿನಲ್ಲಿ ಮೊದಲ ಪ್ರಶ್ನೆಗೇ ಸೋಲ್ತಾರೆ.

ಮೊದಲು ಕೈಬಿಡಬೇಕಾದವು. ಯೇಸುವಿನ ಹೆಣಕ್ಕೆ ಸುತ್ತಿದ್ದು ಅಂತ ಹೇಳೋ ಟ್ಯೂರಿನ್ ಬಟ್ಟೆ: 1988ರಲ್ಲಿ ಆಕ್ಸ್‌ಫರ್ಡ್, ಝೂರಿಕ್, ಅರಿಜೋನಾ ಮೂರೂ ಕಡೆ ಕಾರ್ಬನ್ ಪರೀಕ್ಷೆ ಆಯ್ತು, 1260ರಿಂದ 1390ರ ನಡುವಿನದು ಅಂತ ಬಂತು. ತುಣುಕು ಕತ್ತರಿಸಿದ ಮೂಲೆಯ ಬಗ್ಗೆ ತಕರಾರು ಇದೆ, ಇರಲಿ. ತಕರಾರು ಇರೋ ಬಟ್ಟೆಯನ್ನು ಬುನಾದಿಗೆ ಹಾಕಬಾರದು. ಇನ್ನೊಂದು ನಜರೇತಿನ ಶಾಸನ. ಸಮಾಧಿ ಕೆಡಿಸಿದವರಿಗೆ ಮರಣದಂಡನೆ ಅಂತ ಹೇಳುವ ಅಮೃತಶಿಲೆಯ ಫಲಕ ಅದು. ‘ಯೇಸು ಎದ್ದ’ ಅನ್ನೋ ಶಿಷ್ಯರ ಸಾರೋಣದಿಂದ ಗಾಬರಿಯಾಗಿ ಚಕ್ರವರ್ತಿ ಹೊರಡಿಸಿದ ಆಜ್ಞೆ ಅಂತ ಬಹಳ ಜನ ಹೇಳ್ತಿದ್ರು. 2020ರಲ್ಲಿ ಆ ಕಲ್ಲಿನ ಐಸೊಟೋಪ್ ಪರೀಕ್ಷೆ ಮಾಡಿದಾಗ ಅದು ಗ್ರೀಸಿನ ಕೋಸ್ ದ್ವೀಪದ ಗಣಿಯದ್ದು, ಯೇಸುವಿನ ನಾಡಿನದ್ದಲ್ಲ ಅಂತ ಗೊತ್ತಾಯ್ತು. ಅಲ್ಲಿಗೆ ಆ ವಾದದ ಕಾಲು ಮುರೀತು.

ಸಾಕ್ಷ್ಯ ತೂಗೋದು ಹೇಗೆ ಅಂತ ಕಲಿಯೋಕೆ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಗಿಂತ ಒಳ್ಳೇ ಜಾಗ ಇಲ್ಲ. ಭೀಮಾ ದಂಡೆಯ ಚಂದ್ರಲಾಂಬಾ ಗುಡಿ ಆವರಣದಲ್ಲಿ 1986ರಲ್ಲಿ ಕಾಳಿಕಾ ಗುಡಿಯ ಚಾವಣಿ ಕುಸೀತು. ಆಗ ಮೂರ್ತಿಗೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡಿತು. ಮೂರ್ತಿ ಕೂರಿಸೋಕೆ ನಡುವೆ ಕೊರೆದ ತೂತಿನಲ್ಲಿ ಒಂದಷ್ಟು ಅಕ್ಷರ ಹೋಗಿಬಿಟ್ಟಿವೆ. ಹತ್ತಿರದ ಕನಗನಹಳ್ಳಿ ಸ್ತೂಪದಲ್ಲಿ ಅದೇ ಅಶೋಕನ ಶಿಲ್ಪ ಇದೆ, ಬ್ರಾಹ್ಮಿಯಲ್ಲಿ ಹೆಸರೂ ಇದೆ. ಶಾಸನ ಅವನ ಕಾಲದ್ದೇ, ಅವನ ಮಾತೇ. ಶಿಲ್ಪ ಶತಮಾನಗಳ ನಂತರದ್ದು, ಜನ ಅವನನ್ನು ಹೇಗೆ ನೆನೆದರು ಅಂತ ಹೇಳುವಂಥದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು. ಘಟನೆಗೆ ಯಾರು ಹತ್ತಿರ, ಅವರಿಗೆ ಸುದ್ದಿ ಯಾರಿಂದ ಬಂತು, ಪ್ರತಿ ಮಾಡುವಾಗ ಏನು ಸೇರಿಕೊಂಡಿತು, ಇವನ್ನು ಮೊದಲು ಕೇಳಬೇಕು.

ಈಗ ಶಿಲುಬೆ. ಇಲ್ಲಿ ನೆಲ ಗಟ್ಟಿ. ಯೇಸುವಿಗೆ ಶಿಲುಬೆಯ ಶಿಕ್ಷೆ ಕೊಟ್ಟ ರೋಮನ್ ಅಧಿಪತಿ ಪೊಂತ್ಯ ಪಿಲಾತನ ಹೆಸರಿರೋ ಕಲ್ಲು 1961ರಲ್ಲಿ ಕೈಸರೈಯದಲ್ಲಿ ಸಿಕ್ಕಿತು. ಸನ್ನತಿ ಕಲ್ಲಿನ ಗತಿಯೇ ಅದಕ್ಕೂ ಆಗಿತ್ತು, ರಂಗಮಂದಿರದ ಮೆಟ್ಟಿಲಿಗೆ ಹಾಕಿದ್ದರು. ಸುಮಾರು ಕ್ರಿ.ಶ. 116ರಲ್ಲಿ ರೋಮಿನ ಇತಿಹಾಸಕಾರ ಟಾಸಿಟಸ್, ಕ್ರೈಸ್ತರ ಮೇಲೆ ಎಳ್ಳಷ್ಟೂ ಪ್ರೀತಿ ಇಲ್ಲದವನು, ಕ್ರಿಸ್ತನಿಗೆ ಪಿಲಾತ ಮರಣದಂಡನೆ ಕೊಟ್ಟ ಅಂತ ಬರೆದ. ಯೆಹೂದಿ ಇತಿಹಾಸಕಾರ ಜೋಸೆಫಸ್ 93ರ ಹೊತ್ತಿಗೆ ಬರೆದ ಭಾಗದಲ್ಲಿ ಮಾತ್ರ ಹುಷಾರಾಗಿರ್ರಿ. ‘ಇವನೇ ಕ್ರಿಸ್ತ’, ‘ಮೂರನೇ ದಿನ ಜೀವಂತನಾಗಿ ಕಾಣಿಸಿಕೊಂಡ’ ಅನ್ನೋ ಸಾಲುಗಳು ಹೆಚ್ಚಿನ ವಿದ್ವಾಂಸರ ಪ್ರಕಾರ ಪ್ರತಿ ಮಾಡಿದ ಕ್ರೈಸ್ತರು ಸೇರಿಸಿದ್ದು. ಅವನ್ನು ಬಿಟ್ಟರೂ ಶಿಲುಬೆಯ ಸಂಗತಿ ಉಳಿಯುತ್ತೆ. ನಮ್ಮ ಮುಸ್ಲಿಂ ಅಣ್ಣತಮ್ಮಂದಿರು ಕುರಾನಿನ 4:157 ತೋರಿಸಿ, ಯೇಸು ಶಿಲುಬೆಗೆ ಏರಲಿಲ್ಲ ಅಂತಾರೆ. ಅದು ದೇವರ ವಾಕ್ಯ ಅನ್ನೋ ಅವರ ನಂಬಿಕೆಯಿಂದ ಬಂದ ಉತ್ತರ, ಅದಕ್ಕೆ ಗೌರವ ಕೊಡೋಣ. ಇತಿಹಾಸದ ದಾಖಲೆ ಮಾತ್ರ ಶಿಲುಬೆಯ ಕಡೆಗೇ ಇದೆ.

ಮುಖ್ಯ ಸಂಗತಿಗೆ ಬರೋಣ. 1 ಕೊರಿಂಥ 15, ಮೂರರಿಂದ ಎಂಟನೇ ವಚನ. ‘ನಾನು ಪಡೆದದ್ದನ್ನೇ ನಿಮಗೆ ಒಪ್ಪಿಸಿದೆ’ ಅಂತ ಶುರು ಮಾಡಿ ಪೌಲ ಪಟ್ಟಿ ಕೊಡ್ತಾನೆ: ಕ್ರಿಸ್ತ ಸತ್ತ, ಹೂಣಲ್ಪಟ್ಟ, ಮೂರನೇ ದಿನ ಎಬ್ಬಿಸಲ್ಪಟ್ಟ, ಕೇಫನಿಗೆ (ಅಂದ್ರೆ ಪೇತ್ರನಿಗೆ), ಹನ್ನೆರಡು ಮಂದಿ ಶಿಷ್ಯರಿಗೆ, 500ಕ್ಕಿಂತ ಹೆಚ್ಚು ಸಹೋದರರಿಗೆ, ಯಾಕೋಬನಿಗೆ, ಅಪೊಸ್ತಲರೆಲ್ಲರಿಗೆ, ಕಡೆಗೆ ತನಗೂ ಕಾಣಿಸಿಕೊಂಡ.

ಇದರ ಕಾಲ ಗೊತ್ತಾಗೋದು ಹೇಗೆ ಅಂದ್ರೆ, ಗ್ರೀಸಿನ ಡೆಲ್ಫಿಯಲ್ಲಿ ಸಿಕ್ಕ ಕ್ಲಾಡಿಯಸ್ ಚಕ್ರವರ್ತಿಯ ಶಾಸನದಿಂದ ಗಲ್ಲಿಯೋ ಅಖಾಯದ ಅಧಿಪತಿಯಾಗಿದ್ದು 51–52ರ ಸುಮಾರಿಗೆ ಅಂತ ತಿಳಿಯುತ್ತೆ. ಪೌಲ ಕೊರಿಂಥದಲ್ಲಿದ್ದಾಗ ಅವನ ಮುಂದೆ ವಿಚಾರಣೆಗೆ ನಿಂತ ಅಂತ ಅಪೊಸ್ತಲರ ಕೃತ್ಯಗಳ 18ನೇ ಅಧ್ಯಾಯದಲ್ಲಿದೆ. ಆಮೇಲೆ ಎಫೆಸದಿಂದ ಬರೆದ ಪತ್ರ ಇದು, ಅಂದರೆ 53ರಿಂದ 55ರ ಒಳಗೆ. ಶಿಲುಬೆ 30ರಲ್ಲಿ ಅಥವಾ 33ರಲ್ಲಿ. ನಡುವೆ 20ರಿಂದ 25 ವರ್ಷ. ನಮ್ಮ ಕಡೆಯ ಲೆಕ್ಕಕ್ಕೆ ಹೇಳಬೇಕಂದ್ರೆ, ಬಸವಣ್ಣನವರು ಲಿಂಗೈಕ್ಯರಾದದ್ದು 1167ರ ಆಸುಪಾಸು, ಅವರನ್ನು ಹೆಸರಿಸೋ ಅರ್ಜುನವಾಡದ ಶಾಸನ 1260ರದ್ದು. ಆ ಅಂತರಕ್ಕೂ ಇತಿಹಾಸಕಾರರು ಹಿಂಜರಿಯೋದಿಲ್ಲ.

ಇದಕ್ಕಿಂತ ದೊಡ್ಡದು ಗಲಾತ್ಯ 1:18–19. ಕ್ರಿಸ್ತನ ಕಡೆ ಮನಸ್ಸು ತಿರುಗಿದ ಮೂರು ವರ್ಷಕ್ಕೆ ಪೌಲ ಯೆರೂಸಲೇಮಿಗೆ ಹೋಗಿ ಕೇಫನ ಜೊತೆ 15 ದಿನ ಇದ್ದ, ಯೇಸುವಿನ ತಮ್ಮ ಯಾಕೋಬನನ್ನೂ ಕಂಡ. ಪಟ್ಟಿಯಲ್ಲಿ ಹೆಸರು ಹೇಳಿರೋ ಇಬ್ಬರನ್ನೂ ಪಟ್ಟಿ ಬರೆದವನು ಮುಖಾಮುಖಿ ಮಾತಾಡಿಸಿದ್ದಾನೆ. ಪ್ರಾಚೀನ ಕಾಲದ ಧಾರ್ಮಿಕ ಘಟನೆಗಳಲ್ಲಿ ಇಂಥ ದಾಖಲೆ ಬಹಳ ಅಪರೂಪ. ಪುನರುತ್ಥಾನವನ್ನು ನಂಬದ ಜರ್ಮನಿಯ ಬೈಬಲ್ ವಿದ್ವಾಂಸ ಗೆರ್ಡ್ ಲೂಡೆಮನ್ ಕೂಡ ಪೇತ್ರ, ಪೌಲ ಏನನ್ನೋ ಕಂಡರು ಅನ್ನೋದನ್ನು ಒಪ್ಪಿದ್ದರು.

ಕೊರತೆಗಳನ್ನೂ ಹೇಳಲೇಬೇಕು. ‘ಕಾಣಿಸಿಕೊಂಡ’ ಅಂತಾನೆ, ಹೇಗೆ ಅಂತ ಹೇಳೋದಿಲ್ಲ. 500 ಮಂದಿಯ ಸುದ್ದಿ ಬೇರೆಲ್ಲೂ ಇಲ್ಲ. ಸುವಾರ್ತೆಗಳಲ್ಲಿ ಸಮಾಧಿಗೆ ಹೋದ ಮಗ್ದಲದ ಮರಿಯಳ ಹೆಸರಿಲ್ಲ. ಪತ್ರದ ಮೂಲಪ್ರತಿಯೂ ಉಳಿದಿಲ್ಲ, ನಮಗಿರುವ ಹಳೆಯ ಪಪೈರಸ್ ಪ್ರತಿ ಸುಮಾರು 200ರದ್ದು.

ಖಾಲಿ ಸಮಾಧಿ, ಅಂದ್ರೆ ಹೆಂಗಸರು ಹೋಗಿ ನೋಡಿದಾಗ ಸಮಾಧಿಯಲ್ಲಿ ಯೇಸುವಿನ ದೇಹ ಇರಲಿಲ್ಲ ಅನ್ನೋ ಸಂಗತಿ, ಇದರಷ್ಟು ಗಟ್ಟಿ ಇಲ್ಲ. ಯೇಸುವಿನ ಜೀವನ ಹೇಳುವ ಮಾರ್ಕನ ಸುವಾರ್ತೆ 70ರ ಸುಮಾರಿನದು. ನಾಲ್ಕನೇ ಶತಮಾನದ ಎರಡು ದೊಡ್ಡ ಹಸ್ತಪ್ರತಿಗಳಲ್ಲಿ ಅದು 16:8ಕ್ಕೇ ನಿಲ್ಲುತ್ತೆ: ಹೆಂಗಸರು ಹೆದರಿ ಓಡಿದರು, ಯಾರಿಗೂ ಏನೂ ಹೇಳಲಿಲ್ಲ. ಸಮಾಧಿಯಲ್ಲಿ ಮಾರ್ಕನಿಗೆ ಒಬ್ಬ ಯುವಕ, ಲೂಕನಿಗೆ ಇಬ್ಬರು. ಶಿಷ್ಯರಿಗೆ ದರ್ಶನ ಮತ್ತಾಯನಲ್ಲಿ ಗಲಿಲಾಯದಲ್ಲಿ, ಲೂಕನಲ್ಲಿ ಯೆರೂಸಲೇಮಿನ ಸುತ್ತಮುತ್ತ. ಕಟ್ಟುಕತೆಯಾಗಿದ್ದರೆ ಹೆಂಗಸರನ್ನು ಸಾಕ್ಷಿಗೆ ನಿಲ್ಲಿಸುತ್ತಿರಲಿಲ್ಲ ಅನ್ನೋ ವಾದ ನಿಮಗೆ ಗೊತ್ತಿದೆ. ಹೆಂಗಸರ ಸಾಕ್ಷಿ ನಡೆಯದು ಅಂತ ಜೋಸೆಫಸ್ ಬರೆದದ್ದೂ ನಿಜ. ಆದರೆ ಸುಗಂಧದ್ರವ್ಯ ಹಚ್ಚೋಕೆ ಹೋಗುವವರು ಹೆಂಗಸರೇ ಅಲ್ಲೇನ್ರಿ? ಆ ಮಾತು ಎದುರಾಳಿ ಹೇಳೋ ಮೊದಲು ನೀವೇ ಹೇಳಿಬಿಡ್ರಿ.

ಶಿಲುಬೆಗೇರಿಸಿದವರ ಹೆಣವನ್ನು ರೋಮನ್ನರು ಕೊಡುತ್ತಲೇ ಇರಲಿಲ್ಲ ಅನ್ನೋರಿಗೆ ಒಂದು ಎಲುಬು ತೋರಿಸಬಹುದು. 1968ರಲ್ಲಿ ಯೆರೂಸಲೇಮಿನ ಹತ್ತಿರ ಯೆಹೋಹಾನಾನ್ ಅನ್ನುವವನ ಅಸ್ಥಿಪೆಟ್ಟಿಗೆ ಸಿಕ್ಕಿತು. ಹಿಮ್ಮಡಿ ಎಲುಬಿನಲ್ಲಿ 11.5 ಸೆಂಟಿಮೀಟರಿನ ಮೊಳೆ ಹಾಗೇ ಇದೆ, ತುದಿ ಬಾಗಿದ್ದರಿಂದ ಕೀಳೋಕೆ ಬರಲಿಲ್ಲ. ಮನೆಯವರು ಹಾಗೇ ಹೂಣಿದ್ದಾರೆ. ಅಂದರೆ ಸಮಾಧಿ ಸಾಧ್ಯವಿತ್ತು. ಯೇಸುವಿಗೂ ಹಾಗೇ ಆಯ್ತು ಅಂತ ಇದರಿಂದ ಸಾಬೀತಾಗೋದಿಲ್ಲ.

ಎದುರು ವಾದಗಳಲ್ಲಿ ‘ಮೂರ್ಛೆ ಹೋಗಿದ್ದ’, ‘ಹೆಣ ಕದ್ದರು’ ಇವಕ್ಕೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ಭ್ರಮೆಯ ವಾದಕ್ಕೆ ಕೊಡಬೇಕು. ತೀರಿಹೋದವರನ್ನು ಮನೆಯವರು ಕಾಣೋದು, ದನಿ ಕೇಳೋದು ಲೋಕದ ಎಲ್ಲ ಕಡೆ ಇದೆ. ಪೇತ್ರನಿಗೆ ಅದು ಹೊಂದುತ್ತೆ. ಸಭೆಯನ್ನು ಹಿಂಸಿಸುತ್ತಿದ್ದ ಪೌಲನಿಗೆ, ಅಣ್ಣ ಬದುಕಿದ್ದಾಗ ನಂಬದಿದ್ದ ಯಾಕೋಬನಿಗೆ, ಹನ್ನೆರಡು ಮಂದಿಯ ಗುಂಪಿಗೆ ಅಷ್ಟು ಸುಲಭವಾಗಿ ಹೊಂದೋದಿಲ್ಲ. ನಮಗೆ ಪುನರುತ್ಥಾನವೇ ಹೆಚ್ಚು ಸರಿ ಕಾಣುತ್ತೆ. ದೇವರಿದ್ದಾನೆ ಅಂತ ಮೊದಲೇ ನಂಬಿರೋದು ಅದರಲ್ಲಿ ಸೇರಿಕೊಂಡಿದೆ ಅನ್ನೋದನ್ನು ಮುಚ್ಚಿಡಬಾರದು.

ಸಭಾಪಾಲಕರಲ್ಲಿ ಒಂದು ಬೇಡಿಕೆ. ಹನ್ನೆರಡೂ ಅಪೊಸ್ತಲರು ರಕ್ತಸಾಕ್ಷಿಗಳಾದರು, ಅಂದ್ರೆ ನಂಬಿಕೆಗಾಗಿ ಪ್ರಾಣ ಕೊಟ್ಟರು ಅಂತ ಹೇಳಬೇಡ್ರಿ. ಹಳೆಯ ದಾಖಲೆ ಇರೋದು ಪೇತ್ರ, ಪೌಲ, ಜೆಬೆದಾಯನ ಮಗ ಯಾಕೋಬ, 62ರಲ್ಲಿ ಕಲ್ಲೆಸೆದು ಕೊಂದ ಯೇಸುವಿನ ತಮ್ಮ ಯಾಕೋಬ, ಇಷ್ಟೇ ಜನಕ್ಕೆ. ಹನ್ನೆರಡು ಮಂದಿಯಲ್ಲಿ ಒಬ್ಬನಾದ ತೋಮನ ಮರಣದ ಕತೆ ಮೂರನೇ ಶತಮಾನದ ಬರಹದಿಂದ ಬಂದದ್ದು. ಯುವಕರ ಕೂಟದಲ್ಲಿ ಕೊರಿಂಥದ ಆ ಆರು ವಚನ, ಗಲಾತ್ಯದ ಎರಡು ವಚನ ಓದಿಸ್ರಿ, ನಂಬದ ಗೆಳೆಯರನ್ನೂ ಕರೀರಿ. ಪೌಲ ಖಾಲಿ ಸಮಾಧಿಯ ಹೆಸರೇ ಯಾಕೆ ಎತ್ತಲಿಲ್ಲ ಅಂತ ಅವರು ಕೇಳ್ತಾರೆ. ಹೂಣಲ್ಪಟ್ಟ, ಎಬ್ಬಿಸಲ್ಪಟ್ಟ ಅನ್ನೋ ಎರಡು ಮಾತಿನಲ್ಲಿ ಅದು ಅಡಗಿದೆಯೋ ಇಲ್ಲವೋ, ಅಲ್ಲಿಂದ ಚರ್ಚೆ ನಡೀಲಿ.